ಬೂತ್ ಎಷ್ಟಕ್ಕೆ ತೆರೆಯುತ್ತೆ, ಎಷ್ಟಕ್ಕೆ ಮುಚ್ಚುತ್ತೆ? ಚಿಕ್ಕಬಳ್ಳಾಪುರ, ಕೋಲಾರದ ಮತದಾರರಿಗೆ ಹಂತ ಹಂತದ ಮಾರ್ಗದರ್ಶಿ

ಚುನಾವಣೆ ಬಂದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಬರುತ್ತದೆ. "ಡೇರಿಗೆ ಹಾಲು ಹಾಕಿ ಹಂಗೇ ಹೋದ್ರೆ ಬೂತ್ ಓಪನ್ ಆಗಿರುತ್ತಾ?" ಅಂತ ಚಿಂತಾಮಣಿ ಕಡೆಯವರು ಕೇಳುತ್ತಾರೆ. "ನರಸಾಪುರದಲ್ಲಿ ಕೆಲಸ ಬಿಡೋದೇ ಸಂಜೆ, ಆರು ದಾಟಿದ್ರೆ ಒಳಗೆ ಬಿಡ್ತಾರಾ?" ಅಂತ ಕೋಲಾರದವರು. "ಬೆಂಗಳೂರಿಂದ ಬಸ್ ಹಿಡಿದು ಬರ್ತಿದ್ದೀನಿ, ಐದಕ್ಕೇ ಮುಗಿದುಹೋಗುತ್ತಂತೆ, ನಿಜಾನಾ?" ಅಂತ ಮತ್ತೊಬ್ಬರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲ ಒಂದೇ ಕಡೆ ಬರೆದಿಡುತ್ತೇನೆ. ಓದಿ, ಮನೆಯವರಿಗೂ ಓದಿ ಹೇಳಿ.

ಚಿಕ್ಕ ಉತ್ತರ ಮೊದಲು. ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗೆ ನಮ್ಮ ಕಡೆ ಈಚೆಗೆ ಬೆಳಗ್ಗೆ 7ರಿಂದ ಸಂಜೆ 6ರವರೆಗೆ ಮತದಾನ ನಡೆದಿದೆ. 2023ರ ಮೇ 10ರ ವಿಧಾನಸಭೆ ಚುನಾವಣೆಗೂ ಇದೇ ಸಮಯ, 2024ರ ಏಪ್ರಿಲ್ 26ರ ಲೋಕಸಭೆ ಚುನಾವಣೆಗೂ ಇದೇ ಸಮಯ. ಸಂಜೆ 6 ಹೊಡೆಯುವಾಗ ನೀವು ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದರೆ ಸಾಕು. ನಿಮ್ಮ ಸರದಿ ಏಳಕ್ಕೆ ಬಂದರೂ ಎಂಟಕ್ಕೆ ಬಂದರೂ ನಿಮಗೆ ಓಟು ಹಾಕುವ ಹಕ್ಕು ಇದೆ. ಆದರೆ 6 ದಾಟಿ ಒಂದು ನಿಮಿಷಕ್ಕೆ ಬಂದರೆ ಆ ಹಕ್ಕು ಇಲ್ಲ.

ಉಳಿದದ್ದನ್ನು ನಿಧಾನವಾಗಿ ನೋಡೋಣ.

ಹಂತ 1: ಇದು ಯಾವ ಚುನಾವಣೆ ಅಂತ ಮೊದಲು ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಹೋದ ಸಲ ಆರರವರೆಗೆ ಇತ್ತು, ಈ ಸಲವೂ ಅಷ್ಟೇ ಇರುತ್ತೆ ಅಂದುಕೊಂಡು ಐದೂವರೆಗೆ ಹೊರಡುತ್ತಾರೆ. ಹೋಗಿ ನೋಡಿದರೆ ಗೇಟು ಹಾಕಿರುತ್ತದೆ.

ಲೋಕಸಭೆ, ವಿಧಾನಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ. ಸಮಯ ನಿಗದಿ ಮಾಡುವುದೂ ಅದೇ. 1951ರ ಜನಪ್ರತಿನಿಧಿ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಮತದಾನಕ್ಕೆ ಒಂದು ದಿನದಲ್ಲಿ 8 ಗಂಟೆಗಿಂತ ಕಮ್ಮಿ ಸಮಯ ಕೊಡುವ ಹಾಗಿಲ್ಲ. ನಮಗೆ ಈಚೆಗೆ 11 ಗಂಟೆ ಸಿಗುತ್ತಿದೆ.

ಗ್ರಾಮ ಪಂಚಾಯಿತಿ, ನಗರಸಭೆ, ಪುರಸಭೆ ಚುನಾವಣೆ ನಡೆಸುವುದು ಬೇರೆ ಸಂಸ್ಥೆ, ಅಂದರೆ ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಹೆಸರು ಒಂದೇ ತರ ಕೇಳಿಸುತ್ತದೆ, ಆದರೆ ಎರಡೂ ಬೇರೆ. 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಸಮಯ ಬೆಳಗ್ಗೆ 7ರಿಂದ ಸಂಜೆ 5 ಇತ್ತು. ಒಂದು ಗಂಟೆ ಕಮ್ಮಿ. ಅದರ ಮೇಲೆ ನಮ್ಮ ಜಿಲ್ಲೆಗಳಲ್ಲಿ ಆಗ ಯಂತ್ರ ಇರಲಿಲ್ಲ, ಬ್ಯಾಲೆಟ್ ಪೇಪರ್ ಇತ್ತು. ಒಂದು ಕ್ಷೇತ್ರದಲ್ಲಿ ಎಷ್ಟು ಸ್ಥಾನ ಇದೆಯೋ ಅಷ್ಟು ಓಟು ಒಬ್ಬೊಬ್ಬರೂ ಹಾಕಬಹುದು. ಕಾಗದ ಮಡಚಿ ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಸಾಲು ನಿಧಾನ ಆಗಿಬಿಡುತ್ತದೆ.

ಮೇಷ್ಟ್ರುಗಳಿಗೆ, ಪದವೀಧರರಿಗೆ ಇನ್ನೊಂದು ಮಾತು. ವಿಧಾನ ಪರಿಷತ್ತಿನ ಚುನಾವಣೆಯ ಸಮಯವೇ ಬೇರೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರ ಮತ್ತು ತುಮಕೂರು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಯ ಒಂದು ಭಾಗ ಸೇರಿ ಆಗ್ನೇಯ ಶಿಕ್ಷಕರ ಕ್ಷೇತ್ರ ಆಗುತ್ತದೆ. 2024ರ ಜೂನ್ 3ರಂದು ಅಲ್ಲಿ ಮತದಾನ ಬೆಳಗ್ಗೆ 8ರಿಂದ ಸಂಜೆ 4ರವರೆಗೆ ನಡೆಯಿತು. ಶಾಲೆ ಬಿಟ್ಟ ಮೇಲೆ ಹೋಗೋಣ ಅಂದವರಿಗೆ ಅಲ್ಲಿ ಓಟು ಇಲ್ಲ.

ಆದ್ದರಿಂದ ಹಳೇ ನೆನಪನ್ನು ನಂಬಬೇಡಿ. ಆಯಾ ಚುನಾವಣೆಯ ಪ್ರಕಟಣೆ ನೋಡಿ. ಲೋಕಸಭೆ, ವಿಧಾನಸಭೆಗಾದರೆ ಮನೆಗೆ ಬರುವ ಮತದಾರರ ಮಾಹಿತಿ ಚೀಟಿಯಲ್ಲೇ ದಿನಾಂಕ, ಸಮಯ ಅಚ್ಚಾಗಿರುತ್ತದೆ. ಅನುಮಾನ ಇದ್ದರೆ 1950ಕ್ಕೆ ಫೋನ್ ಮಾಡಿ. ಅದು ಮತದಾರರ ಸಹಾಯವಾಣಿ.

ಹಂತ 2: ಜಿಲ್ಲೆ ನೋಡಬೇಡಿ, ಕ್ಷೇತ್ರ ನೋಡಿ

ಶಿಡ್ಲಘಟ್ಟ, ಚಿಂತಾಮಣಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಆದರೆ ಲೋಕಸಭೆಗೆ ಈ ಎರಡೂ ಸೇರುವುದು ಕೋಲಾರ ಕ್ಷೇತ್ರಕ್ಕೆ. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಜೊತೆ ಯಲಹಂಕ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಬರುತ್ತವೆ. ಪಕ್ಕದ ತುಮಕೂರು ಜಿಲ್ಲೆಯಲ್ಲೂ ಹೀಗೇ. ಶಿರಾ, ಪಾವಗಡ ಚಿತ್ರದುರ್ಗ ಕ್ಷೇತ್ರಕ್ಕೆ, ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ.

ಇದು ಯಾಕೆ ಮುಖ್ಯ ಅಂದರೆ, ಮತದಾನದ ದಿನ ನಿಗದಿ ಆಗುವುದು ಕ್ಷೇತ್ರದ ಲೆಕ್ಕದಲ್ಲಿ. 2024ರಲ್ಲಿ ಕರ್ನಾಟಕದ 28 ಕ್ಷೇತ್ರಗಳಲ್ಲಿ 14ಕ್ಕೆ ಏಪ್ರಿಲ್ 26, ಉಳಿದ 14ಕ್ಕೆ ಮೇ 7. ನಮ್ಮ ಭಾಗದ ಎಲ್ಲ ಕ್ಷೇತ್ರವೂ ಒಂದೇ ದಿನ ಬಂದಿದ್ದರಿಂದ ತೊಂದರೆ ಆಗಲಿಲ್ಲ. ಪ್ರತಿ ಸಲ ಹಾಗೇ ಇರುತ್ತದೆ ಅನ್ನುವಂತಿಲ್ಲ.

ಗಡಿ ಊರಿನವರು ಇನ್ನೂ ಹುಷಾರಾಗಿರಿ. ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಗಳಲ್ಲಿ ತೆಲುಗು ಚಾನೆಲ್ ಓಡುತ್ತಿರುತ್ತದೆ, ಕೆಜಿಎಫ್ ಕಡೆ ತಮಿಳು. 2024ರಲ್ಲಿ ತಮಿಳುನಾಡಿನಲ್ಲಿ ಏಪ್ರಿಲ್ 19ಕ್ಕೆ ಮತದಾನ ಆಯಿತು, ಆಂಧ್ರದಲ್ಲಿ ಮೇ 13ಕ್ಕೆ. ಟಿವಿಯಲ್ಲಿ ಕೇಳಿದ ದಿನ, ಸಮಯ ನಮ್ಮದಲ್ಲದೇ ಇರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫಾರ್ವರ್ಡ್‌ಗೂ ಇದೇ ಮಾತು.

ಹಂತ 3: ಪಟ್ಟಿಯಲ್ಲಿ ಹೆಸರು ಇದೆಯಾ, ಬೂತ್ ಎಲ್ಲಿದೆ

"ನನ್ನ ಹತ್ರ ಎಪಿಕ್ ಕಾರ್ಡ್ ಇದೆಯಲ್ಲ" ಅಂತ ಸುಮ್ನೆ ಕೂರಬೇಡಿ. ಎಪಿಕ್ ಅಂದರೆ ಮತದಾರರ ಗುರುತಿನ ಚೀಟಿ. ಅದು ನೀವು ಯಾರು ಅಂತ ತೋರಿಸುತ್ತದೆ, ಅಷ್ಟೇ. ಓಟು ಹಾಕುವ ಹಕ್ಕು ಬರುವುದು ಮತದಾರರ ಪಟ್ಟಿಯಲ್ಲಿ ಹೆಸರು ಇದ್ದರೆ ಮಾತ್ರ. ಕಾರ್ಡ್ ಇದ್ದು ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಬೂತ್‌ನಲ್ಲಿ ಯಾರೂ ಏನೂ ಮಾಡಲಾರರು.

ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ ಎಪಿಕ್ ಸಂಖ್ಯೆ ಹಾಕಿ ಹುಡುಕಿ. ಅಥವಾ ನಿಮ್ಮ ಬಿಎಲ್‌ಒ ಅವರನ್ನು ಕೇಳಿ. ಬಿಎಲ್‌ಒ ಅಂದರೆ ಬೂತ್ ಮಟ್ಟದ ಅಧಿಕಾರಿ. ಹಳ್ಳಿಗಳಲ್ಲಿ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಈ ಕೆಲಸ ಮಾಡುತ್ತಿರುತ್ತಾರೆ. ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದು ಭಾಗ ಸಂಖ್ಯೆ, ಅಂದರೆ ನಿಮ್ಮ ಬೂತ್‌ನ ಪಟ್ಟಿಯ ಸಂಖ್ಯೆ. ಇನ್ನೊಂದು ಕ್ರಮ ಸಂಖ್ಯೆ, ಅಂದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಎಷ್ಟನೆಯದು ಅನ್ನುವುದು. ಇವೆರಡು ಗೊತ್ತಿದ್ದರೆ ಒಳಗೆ ಅರ್ಧ ನಿಮಿಷದಲ್ಲಿ ಹೆಸರು ಸಿಗುತ್ತದೆ.

ಹೆಸರು ಇಲ್ಲದಿದ್ದರೆ ನಮೂನೆ 6, ವಿಳಾಸ ಬದಲಾಗಿದ್ದರೆ ಅಥವಾ ತಿದ್ದುಪಡಿ ಬೇಕಿದ್ದರೆ ನಮೂನೆ 8. ಆದರೆ ನಾಮಪತ್ರ ಸಲ್ಲಿಸುವ ಕೊನೇ ದಿನ ಕಳೆದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಯಾರನ್ನೂ ಸೇರಿಸುವುದಿಲ್ಲ. ಮತದಾನದ ಹಿಂದಿನ ದಿನ ಓಡಾಡಿದರೆ ಉಪಯೋಗ ಇಲ್ಲ.

ಬೂತ್ ಬದಲಾಗಿದೆಯಾ ಅಂತಲೂ ನೋಡಿ. ಮೊದಲು ಒಂದು ಮತಗಟ್ಟೆಗೆ 1,500 ಮತದಾರರವರೆಗೆ ಇರಬಹುದಿತ್ತು. 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಲು ತೀರ್ಮಾನಿಸಿತು. ದೊಡ್ಡ ಬೂತ್ ಒಡೆದು ಎರಡು ಮಾಡಿದಾಗ ಗಂಡನ ಹೆಸರು ಹಳೇ ಕೊಠಡಿಯಲ್ಲಿ, ಪಕ್ಕದ ಬೀದಿಯ ತಮ್ಮನ ಹೆಸರು ಹೊಸ ಕೊಠಡಿಯಲ್ಲಿ ಬರಬಹುದು. ಐದೂಮುಕ್ಕಾಲಿಗೆ ತಪ್ಪು ಸಾಲಿನಲ್ಲಿ ನಿಂತು, ಆರಕ್ಕೆ ಗೊತ್ತಾದರೆ ಆಮೇಲೆ ಸರಿಯಾದ ಸಾಲಿಗೆ ಸೇರಿಸುವುದಿಲ್ಲ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಹಂತ 4: ಹಿಂದಿನ ರಾತ್ರಿಯೇ ದಾಖಲೆ ತೆಗೆದಿಡಿ

ಎಪಿಕ್ ಇದ್ದರೆ ಅದೇ ಸಾಕು. ಹೆಸರಿನಲ್ಲಿ ಚಿಕ್ಕ ಅಕ್ಷರ ತಪ್ಪಿದ್ದರೆ ಹೆದರಬೇಡಿ. ನೀವೇ ಅಂತ ಗೊತ್ತಾದರೆ ಅಂಥ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಎಪಿಕ್ ಇಲ್ಲದಿದ್ದರೆ 2024ರಲ್ಲಿ ಆಯೋಗ 12 ಬದಲಿ ದಾಖಲೆಗಳನ್ನು ಒಪ್ಪಿತ್ತು. ನಮ್ಮ ಜನರ ಕೈಗೆ ಸಿಗುವಂಥವು ಇವು: ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್, ಪಾಸ್‌ಪೋರ್ಟ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್, ಸರ್ಕಾರಿ ನೌಕರರ ಫೋಟೋ ಗುರುತಿನ ಚೀಟಿ.

ಇದರಲ್ಲಿ ಇಲ್ಲದ್ದು ಯಾವುದು ನೋಡಿ. ರೇಷನ್ ಕಾರ್ಡ್ ಇಲ್ಲ. ಬಿಎಲ್‌ಒ ಕೊಟ್ಟ ಮಾಹಿತಿ ಚೀಟಿಯೂ 2019ರಿಂದ ಗುರುತಿನ ದಾಖಲೆ ಅಲ್ಲ. 2019ರಲ್ಲಿ ನಮ್ಮಮ್ಮ ಅವೆರಡನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಒಂದು ಗಂಟೆ ಸಾಲಿನಲ್ಲಿ ನಿಂತು, ಮೇಜಿನ ಹತ್ತಿರ ಹೋಗಿ ವಾಪಸ್ ಬಂದಿದ್ದರು. ಆಧಾರ್ ತಗೊಂಡು ಮತ್ತೆ ಹೋದರು. ಬೆಳಗ್ಗೆ ಹೋಗಿದ್ದರಿಂದ ಸರಿಹೋಯಿತು. ಸಂಜೆ ಆಗಿದ್ದರೆ ಓಟು ತಪ್ಪುತ್ತಿತ್ತು.

ಇನ್ನೊಂದು ಹೊಸ ತೊಂದರೆ ಹುಡುಗರದ್ದು. ಆಧಾರ್, ಲೈಸೆನ್ಸ್ ಎಲ್ಲ ಮೊಬೈಲ್‌ನಲ್ಲಿ ಇದೆ ಅಂತಾರೆ. ಮತಗಟ್ಟೆ ಒಳಗೆ ಮೊಬೈಲ್ ಬಿಡುವುದಿಲ್ಲ, ಆಮೇಲೆ ಅದರಲ್ಲಿರುವ ಆಧಾರ್ ಏನು ತೋರಿಸುತ್ತೀರಿ? ಮೂಲ ಕಾರ್ಡ್ ಕೈಯಲ್ಲಿರಲಿ. ಮೊಬೈಲ್ ಹೊರಗೆ ಇಟ್ಟು ಹೋಗುವ ವ್ಯವಸ್ಥೆ ಮಾಡಲು 2025ರಲ್ಲಿ ಆಯೋಗ ಹೇಳಿದೆ. ಆದರೂ ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಫೋನ್ ಯಾರ ಕೈಗೆ ಕೊಡೋದು ಅಂತ ಹುಡುಕುವಷ್ಟರಲ್ಲಿ ಸಾಲಿನಲ್ಲಿ ನಿಮ್ಮ ಜಾಗ ಹೋಗಿರುತ್ತದೆ.

ಹಂತ 5: ಎಷ್ಟು ಗಂಟೆಗೆ ಹೋಗೋದು ಒಳ್ಳೆಯದು

ಇದು ನಿಯಮ ಅಲ್ಲ, ನನ್ನ ಅಭಿಪ್ರಾಯ. ಏಪ್ರಿಲ್, ಮೇ ಬಿಸಿಲಿನಲ್ಲಿ ಕೋಲಾರದ ಕಡೆ ಹನ್ನೊಂದು ಗಂಟೆಗೇ ನೆತ್ತಿ ಸುಡುತ್ತದೆ. ವಯಸ್ಸಾದವರು, ಬಸುರಿಯರು, ಕೈಗೂಸು ಇರುವವರು 7ರಿಂದ 9ರೊಳಗೆ ಹೋಗಿಬಿಡಿ. ಹಿರಿಯರನ್ನು, ಅಂಗವಿಕಲರನ್ನು ಸಾಲಿನಲ್ಲಿ ನಿಲ್ಲಿಸದೆ ಮೊದಲು ಬಿಡಬೇಕು. ಯಾರೂ ಕರೆಯದಿದ್ದರೆ ಬಾಗಿಲಲ್ಲಿರುವ ಸಿಬ್ಬಂದಿಗೆ ನೀವೇ ಹೇಳಿ, ನಾಚಿಕೆ ಬೇಡ. ಹೆಂಗಸರಿಗೆ ಬೇರೆ ಸಾಲು ಇರುತ್ತದೆ.

ಹಾಲು ಹಾಕುವವರು ಡೇರಿಯಿಂದ ನೇರ ಬೂತ್‌ಗೆ ಹೋಗಿ, ಕ್ಯಾನ್ ಮನೆಗೆ ಆಮೇಲೆ ಹೋಗಲಿ. ರೇಷ್ಮೆ ಹುಳ ಮೇಯಿಸುವ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೊರಡಲು ಆಗುವುದಿಲ್ಲ, ನನಗೆ ಗೊತ್ತು. ಹಣ್ಣಾಗುವ ಹುಳ ಇದ್ದರೆ ಬಿಟ್ಟು ಬರಲಾಗದು. ಇಬ್ಬಿಬ್ಬರು ಸರದಿ ಮಾಡಿಕೊಳ್ಳಿ. ಸೊಪ್ಪು ಹಾಕಿದ ಮೇಲೆ ಮೊದಲ ಜೋಡಿ, ಅವರು ಬಂದ ಮೇಲೆ ಇನ್ನೊಂದು ಜೋಡಿ. ಕೊನೇ ಜೋಡಿ ಮಧ್ಯಾಹ್ನ ಮೂರಕ್ಕೆ ಮನೆ ಬಿಟ್ಟಿರಬೇಕು. ಕೋಲಾರದ ಟೊಮೆಟೊ ಮಂಡಿಗೆ ಮಾಲು ತಂದವರೂ ಅಷ್ಟೇ, ಮಂಡಿ ಕೆಲಸ ಮುಗಿದ ಕೂಡಲೇ ಊರಿಗೆ ಹೊರಡಿ. ಲೆಕ್ಕ ಮಾರನೇ ದಿನ ಆದರೂ ಆಗುತ್ತದೆ.

ಐದರಿಂದ ಆರರ ನಡುವೆ ಹೋಗುವ ಪ್ಲಾನ್ ಮಾತ್ರ ಯಾರೂ ಮಾಡಬೇಡಿ. ಬಿಸಿಲು ಇಳಿದ ಮೇಲೆ ಹೋಗೋಣ ಅಂತ ಊರೆಲ್ಲ ಅದೇ ಹೊತ್ತಿಗೆ ಹೊರಡುತ್ತದೆ.

ಹಂತ 6: ರಜೆ ಕೇಳಿ ಪಡೆಯಿರಿ

ಲೋಕಸಭೆ, ವಿಧಾನಸಭೆ ಮತದಾನದ ದಿನ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಬೇಕು. ಇದು ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್‌ನಲ್ಲಿದೆ. ಕಾರ್ಖಾನೆ, ಅಂಗಡಿ, ಹೋಟೆಲ್ ಎಲ್ಲಕ್ಕೂ ಅನ್ವಯ. ದಿನಗೂಲಿ ಮಾಡುವವರಿಗೂ ಇದೆ. ಸಂಬಳ ಕತ್ತರಿಸಿದರೆ ಮಾಲೀಕರಿಗೆ 500 ರೂಪಾಯಿವರೆಗೆ ದಂಡ. ನೀವು ಇಲ್ಲದಿದ್ದರೆ ಅಪಾಯ ಅಥವಾ ದೊಡ್ಡ ನಷ್ಟ ಆಗುವಂಥ ಕೆಲಸ ಆದರೆ ಮಾತ್ರ ವಿನಾಯಿತಿ.

ಓಟು ಮಾಲೂರಿನಲ್ಲಿದ್ದು ಕೆಲಸ ಬೆಂಗಳೂರಿನಲ್ಲಿ ಇರುವವರಿಗೂ ಈ ರಜೆ ಸಿಗಬೇಕು. "ಬೆಳಗ್ಗೆ ಬಂದು ಪಂಚ್ ಮಾಡಿ, ಮೂರು ಗಂಟೆಗೆ ಬಿಡ್ತೀವಿ" ಅಂದರೆ ಒಪ್ಪಬೇಡಿ. ಮೂರಕ್ಕೆ ಬಿಟ್ಟು, ಬಸ್ ಸಿಕ್ಕಿ, ಊರು ತಲುಪುವಷ್ಟರಲ್ಲಿ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ. ಒಂದು ವಾರ ಮುಂಚೆಯೇ ಬರವಣಿಗೆಯಲ್ಲಿ ಕೇಳಿ. ಆಗುವುದಾದರೆ ಹಿಂದಿನ ರಾತ್ರಿಯೇ ಊರಿಗೆ ಬನ್ನಿ. ಬಹಳಷ್ಟು ಬಸ್ಸುಗಳು ಚುನಾವಣಾ ಕೆಲಸಕ್ಕೆ ಹೋಗಿರುತ್ತವೆ, ಮಾಮೂಲಿ ದಿನದಷ್ಟು ಓಡಾಟ ಇರುವುದಿಲ್ಲ.

ಸ್ವಂತ ಗಾಡಿಯಲ್ಲಿ ಮನೆಯವರನ್ನು ಕರೆದುಕೊಂಡು ಹೋಗಬಹುದು. ಮತಗಟ್ಟೆಯಿಂದ 200 ಮೀಟರ್ ಆಚೆ ನಿಲ್ಲಿಸಿ. ಅಭ್ಯರ್ಥಿ ಕಡೆಯವರು ಕಳಿಸಿದ ಪುಕ್ಕಟೆ ಆಟೋ, ಟೆಂಪೋ ಹತ್ತಬೇಡಿ. ಹಾಗೆ ಮತದಾರರನ್ನು ಸಾಗಿಸುವುದು ಕಾನೂನಿನಲ್ಲಿ ಚುನಾವಣಾ ಭ್ರಷ್ಟಾಚಾರ.

ಮನೆಯಿಂದ ಏಳಲಾಗದ ಹಿರಿಯರಿದ್ದರೆ ಒಂದು ದಾರಿ ಇದೆ. 2024ರ ನಿಯಮದಂತೆ 85 ದಾಟಿದವರು ಮತ್ತು 40 ಪ್ರತಿಶತಕ್ಕಿಂತ ಕಮ್ಮಿ ಇಲ್ಲದ ಅಂಗವೈಕಲ್ಯ ಇರುವವರು ಮನೆಯಿಂದಲೇ ಓಟು ಹಾಕಬಹುದು. ಅದಕ್ಕೆ ನಮೂನೆ 12ಡಿ ತುಂಬಬೇಕು. ಅಧಿಸೂಚನೆ ಬಂದ ಐದು ದಿನದೊಳಗೆ ಅದು ಅಧಿಕಾರಿಗೆ ತಲುಪಬೇಕು, ಆಮೇಲೆ ಕೊಟ್ಟರೆ ನಡೆಯುವುದಿಲ್ಲ. ಒಮ್ಮೆ ಮನೆ ಓಟಿಗೆ ಒಪ್ಪಿಗೆ ಸಿಕ್ಕ ಮೇಲೆ ಬೂತ್‌ಗೆ ಹೋಗಿ ಹಾಕಲು ಆಗುವುದಿಲ್ಲ.

ಹಂತ 7: ಬೆಳಗ್ಗೆ ಏಳಕ್ಕೆ ಮುಂಚೆ ಬೀಪ್ ಕೇಳಿಸಿದರೆ

ಬೇಗ ಹೋದವರು ಪ್ರತಿ ಸಲ ಗಾಬರಿ ಆಗುವ ವಿಷಯ ಇದು. ಇನ್ನೂ ಆರು ಗಂಟೆ, ಬಾಗಿಲು ಮುಚ್ಚಿದೆ, ಒಳಗಿಂದ ಬೀಪ್ ಬೀಪ್ ಅಂತ ಸದ್ದು. "ಆಗಲೇ ಯಾರೋ ಓಟು ಒತ್ತುತ್ತಿದ್ದಾರೆ" ಅಂತ ಗುಲ್ಲು ಏಳುತ್ತದೆ.

ಅದು ಅಣಕು ಮತದಾನ. ಮತದಾನ ಶುರುವಾಗುವ 90 ನಿಮಿಷ ಮುಂಚೆ, ಅಂದರೆ ಐದೂವರೆಗೆ, ಎಲ್ಲ ಪಕ್ಷದ ಏಜೆಂಟರ ಎದುರಿಗೆ ಕನಿಷ್ಠ 50 ಓಟು ಒತ್ತಿ ಯಂತ್ರ ಸರಿ ಇದೆಯಾ ಅಂತ ನೋಡುತ್ತಾರೆ. ಎಣಿಸಿ ತೋರಿಸಿ, ಆಮೇಲೆ ಎಲ್ಲ ಅಳಿಸಿ, ಮೊಹರು ಹಾಕಿ, ಏಳಕ್ಕೆ ನಿಜವಾದ ಮತದಾನ ಶುರು ಮಾಡುತ್ತಾರೆ. ಏಜೆಂಟರು ಅಂದರೆ ಅಭ್ಯರ್ಥಿಗಳ ಪರವಾಗಿ ಒಳಗೆ ಕೂರುವವರು. ಅನುಮಾನ ಇದ್ದರೆ ನಿಮ್ಮೂರಿನ ಏಜೆಂಟರನ್ನೇ ಕೇಳಿ.

ಕೆಲವು ಸಲ ಯಂತ್ರ ಕೆಟ್ಟು ಏಳಕ್ಕೆ ಬದಲು ಎಂಟಕ್ಕೆ ಶುರುವಾಗುತ್ತದೆ. ಆಗ ಜನ "ಸಂಜೆ ಒಂದು ಗಂಟೆ ಜಾಸ್ತಿ ಕೊಡ್ತಾರೆ" ಅಂದುಕೊಂಡು ಮನೆಗೆ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಡವಾಗಿ ಶುರುವಾದರೂ ಮುಚ್ಚುವ ಸಮಯ ನಿಗದಿಯಾದದ್ದೇ. ಅದನ್ನು ಮುಂದೂಡುವ ಅಧಿಕಾರ ಬೂತ್‌ನಲ್ಲಿ ಇರುವ ಅಧಿಕಾರಿಗೆ ಇಲ್ಲ.

ಹಂತ 8: ಒಳಗೆ ಏನಾಗುತ್ತದೆ

ಮೂರು ಮೇಜು. ಮೊದಲನೇ ಅಧಿಕಾರಿ ಪಟ್ಟಿಯಲ್ಲಿ ಹೆಸರು ಹುಡುಕಿ ಗಟ್ಟಿಯಾಗಿ ಓದುತ್ತಾರೆ, ಗುರುತಿನ ಚೀಟಿ ನೋಡುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಾಕಿ, ರಿಜಿಸ್ಟರ್‌ನಲ್ಲಿ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡು ಚೀಟಿ ಕೊಡುತ್ತಾರೆ. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ಮೂರನೆಯವರು ಚೀಟಿ ತೆಗೆದುಕೊಂಡು ಯಂತ್ರ ಚಾಲೂ ಮಾಡುತ್ತಾರೆ.

ಮರೆಯ ಹಿಂದೆ ಹೋಗಿ ನಿಮ್ಮ ಅಭ್ಯರ್ಥಿಯ ಎದುರಿಗಿರುವ ನೀಲಿ ಗುಂಡಿ ಒತ್ತಿ. ಕೆಂಪು ದೀಪ ಹತ್ತುತ್ತದೆ. ಪಕ್ಕದಲ್ಲೇ ಕಿಟಕಿ ಇರುವ ಇನ್ನೊಂದು ಯಂತ್ರ ಇರುತ್ತದೆ, ಅದೇ ವಿವಿಪ್ಯಾಟ್. ಯಾರಿಗೆ ಓಟು ಬಿತ್ತು ಅಂತ ಕಾಗದದಲ್ಲಿ ತೋರಿಸುವ ಯಂತ್ರ. ಅಲ್ಲಿ ಅಭ್ಯರ್ಥಿಯ ಹೆಸರು, ಚಿಹ್ನೆ 7 ಸೆಕೆಂಡ್ ಕಾಣುತ್ತದೆ. ಆಮೇಲೆ ಚೀಟಿ ಒಳಗೆ ಬೀಳುತ್ತದೆ, ಕೈಗೆ ಕೊಡುವುದಿಲ್ಲ. ಬೀಪ್ ಸದ್ದು ಬರುವವರೆಗೆ ಅಲ್ಲೇ ನಿಂತಿರಿ.

ಕಣ್ಣು ಕಾಣದವರು ಅಥವಾ ಗುಂಡಿ ಒತ್ತಲು ಆಗದವರು 18 ದಾಟಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಅದೇ ವ್ಯಕ್ತಿ ಆ ದಿನ ಇನ್ನೊಬ್ಬರಿಗೆ ಜೊತೆಗಾರ ಆಗುವಂತಿಲ್ಲ. ಅಜ್ಜ, ಅಜ್ಜಿ ಇಬ್ಬರಿಗೂ ಬೇಕಿದ್ದರೆ ಮನೆಯಿಂದ ಇಬ್ಬರು ಹೊರಡಿ.

ಹಂತ 9: ಸಂಜೆ ಆರರ ಹೊತ್ತು

ಈಗ ಎಲ್ಲರೂ ಕೇಳುವ ವಿಷಯಕ್ಕೆ ಬರೋಣ. 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ ಹೀಗಿದೆ: ನಿಗದಿಯಾದ ಸಮಯಕ್ಕೆ ಮತಗಟ್ಟೆ ಮುಚ್ಚಬೇಕು, ಆಮೇಲೆ ಯಾರನ್ನೂ ಸೇರಿಸಬಾರದು. ಆದರೆ ಮುಚ್ಚುವ ಮುಂಚೆ ಅಲ್ಲಿ ಹಾಜರಿದ್ದ ಎಲ್ಲರಿಗೂ ಓಟು ಹಾಕಲು ಬಿಡಬೇಕು. ಇದನ್ನು ಜಾರಿ ಮಾಡುವುದು ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಆ ಬೂತ್‌ಗೆ ಅವರೇ ಮುಖ್ಯಸ್ಥರು. ಜನ ಪಿಆರ್‌ಒ ಅನ್ನುತ್ತಾರೆ.

ಹೇಗೆ ಮಾಡುತ್ತಾರೆ ಅನ್ನುವುದನ್ನು 2023ರ ಮೇ 10ರಂದು ನಾನು ಹತ್ತಿರದಿಂದ ನೋಡಿದೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಶಾಲೆ. ಆರಕ್ಕೆ ಐದು ನಿಮಿಷ ಇತ್ತು. ಸಾಲು ಕೊಠಡಿ ಬಾಗಿಲಿಂದ ಬಾವುಟದ ಕಂಬ ದಾಟಿ ಹೊಂಗೆ ಮರದವರೆಗೆ ಬಂದಿತ್ತು. ಅಧ್ಯಕ್ಷಾಧಿಕಾರಿ ಕೈಯಲ್ಲಿ ಚಿಕ್ಕ ಚಿಕ್ಕ ಕಾಗದದ ಚೂರು ಹಿಡಿದು ಹೊರಗೆ ಬಂದರು. ಪ್ರತಿ ಚೂರಿನ ಮೇಲೂ ಒಂದು ನಂಬರು, ಕೆಳಗೆ ಅವರ ಪೂರ್ತಿ ಸಹಿ. ಮುಂದೆ ನಿಂತವರು ಕೈ ಚಾಚಿದರು. ಅವರು ಯಾರಿಗೂ ಕೊಡದೆ ನೇರ ಸಾಲಿನ ಕೊನೆಗೆ ನಡೆದರು. ಮರದ ಕೆಳಗೆ ಕೊನೆಯಲ್ಲಿ ನಿಂತಿದ್ದ ಅಜ್ಜಿಯೊಬ್ಬರ ಕೈಗೆ 1ನೇ ನಂಬರು ಕೊಟ್ಟರು. ಅವರ ಮುಂದಿನವರಿಗೆ 2, ಅವರ ಮುಂದಿನವರಿಗೆ 3. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರು. ಅಜ್ಜಿ "ನಂದು ಒಂದನೇ ನಂಬರು, ನನ್ನ ಬಿಡ್ರಪ್ಪಾ" ಅಂತ ಮುಂದಕ್ಕೆ ಹೊರಟರು. ಪೊಲೀಸರು ತಡೆದರು. ಅಜ್ಜಿಗೆ ಅಳು ಬಂತು, ತನಗೆ ಮೋಸ ಆಯಿತು ಅಂದುಕೊಂಡರು. ಅಧಿಕಾರಿ ಬಂದು ಬಿಡಿಸಿ ಹೇಳಿದ ಮೇಲೆ ಸಮಾಧಾನ ಆಯಿತು. ಏಳು ದಾಟಿದ ಮೇಲೆ ಅವರ ಓಟೂ ಬಿತ್ತು.

ನೀವೂ ತಿಳಿದಿರಿ. ಆ ನಂಬರು ನಿಮ್ಮ ಸರದಿ ಅಲ್ಲ. ನಿಮ್ಮ ಹಿಂದೆ ಯಾರೂ ಸೇರಿಕೊಳ್ಳದಂತೆ ಬಾಗಿಲು ಹಾಕುವ ವಿಧಾನ ಅದು. ಕೊನೆಯಿಂದ ಕೊಡುವುದೇ ಅದಕ್ಕೆ. ಮುಂದಿನಿಂದ ಕೊಡುತ್ತಾ ಹೋದರೆ ಅವರು ಕೊನೆಗೆ ಬರುವಷ್ಟರಲ್ಲಿ ಹತ್ತು ಜನ ಹೊಸಬರು ನಿಂತಿರುತ್ತಾರೆ.

ಅವತ್ತು ಚೀಟಿ ಹಂಚಿ ಮುಗಿದ ಮೇಲೆ ಒಬ್ಬ ಹುಡುಗ ಓಡಿ ಬಂದ. ಬೆಂಗಳೂರಿನಲ್ಲಿ ಕೆಲಸ, ಮೂರು ಗಂಟೆಗೆ ಬಿಟ್ಟಿದ್ದರಂತೆ. ದೇವನಹಳ್ಳಿ ಹತ್ತಿರ ಬಸ್ ನಿಂತಿತಂತೆ. ಆರು ಗಂಟೆ ನಾಲ್ಕು ನಿಮಿಷ. ಅಧಿಕಾರಿ ಕೈ ಮುಗಿದು ಆಗಲ್ಲಪ್ಪ ಅಂದರು. ಅವರು ಮಾಡಿದ್ದು ಸರಿ. ಯಾರು ಸಮಯಕ್ಕೆ ಮುಂಚೆ ಹಾಜರಿದ್ದರು, ಯಾರು ಇರಲಿಲ್ಲ ಅನ್ನುವುದರಲ್ಲಿ ಅಧ್ಯಕ್ಷಾಧಿಕಾರಿಯ ತೀರ್ಮಾನವೇ ಕೊನೆ. ಆದರೂ ಆ ಹುಡುಗ ಗೇಟಿನ ಕಂಬಿ ಹಿಡಿದು ನಿಂತಿದ್ದು ನನಗೆ ಇವತ್ತಿಗೂ ಕಣ್ಣ ಮುಂದೆ ಇದೆ. ರಜೆಯ ವಿಷಯದಲ್ಲಿ ಬಿಟ್ಟುಕೊಡಬೇಡಿ ಅಂತ ಮೇಲೆ ಹೇಳಿದ್ದು ಇದಕ್ಕೇ.

ಸಂಜೆ ಸಾಲಿನಲ್ಲಿ ಇರುವವರು ಇಷ್ಟು ನೆನಪಿಡಿ:

1. ಆರಕ್ಕೆ ಮುಂಚೆ ಸರಿಯಾದ ಬೂತ್‌ನ ಸಾಲಿನಲ್ಲಿ ನೀವೇ ನಿಂತಿರಬೇಕು. "ಅಣ್ಣ ಬರ್ತಾನೆ, ಅವನ ಜಾಗ ಇದು" ಅಂದರೆ ನಡೆಯುವುದಿಲ್ಲ. ಚಪ್ಪಲಿ, ಚೀಲ ಇಟ್ಟು ಹೋದರೂ ನಡೆಯುವುದಿಲ್ಲ.

2. ಹೊರಗೆ ಟೀ ಅಂಗಡಿಯಲ್ಲಿ ಇದ್ದರೆ ಹಾಜರಿದ್ದಂತೆ ಅಲ್ಲ. ಐದೂಮುಕ್ಕಾಲಿನ ಮೇಲೆ ಸಾಲು ಬಿಟ್ಟು ಕದಲಬೇಡಿ.

3. ನಿಮ್ಮ ಫೋನ್, ವಾಚ್ ಏನು ತೋರಿಸುತ್ತದೆ ಅಂತ ವಾದ ಬೇಡ. ಅಲ್ಲಿ ನಡೆಯುವುದು ಅಧಿಕಾರಿ ಘೋಷಣೆ ಮಾಡಿದ ಸಮಯ.

4. ಚೀಟಿ ಸಿಕ್ಕ ಮೇಲೆ ಜೋಪಾನ. ಅದನ್ನು ಬೇರೆಯವರಿಗೆ ಕೊಡಬೇಡಿ. ಹೊತ್ತಾಯಿತು ಅಂತ ಬಿಟ್ಟು ಹೋಗಲೂ ಬೇಡಿ. ದೀಪ, ಪೊಲೀಸ್, ಸಿಬ್ಬಂದಿ ಎಲ್ಲ ಕೊನೇ ಮತದಾರರವರೆಗೂ ಇರುತ್ತಾರೆ.

5. ಚೀಟಿ ಕೊಡದೆ ನಿಮ್ಮನ್ನು ಬಿಟ್ಟು ಮುಂದೆ ಹೋದರೆ ಅಲ್ಲೇ ಗಟ್ಟಿಯಾಗಿ ಕೇಳಿ. ಒಳಗಿರುವ ಏಜೆಂಟರಿಗೆ ತಿಳಿಸಿ. ಆಮೇಲೆ ಮನೆಗೆ ಹೋಗಿ ದೂರಿದರೆ ಓಟು ವಾಪಸ್ ಬರುವುದಿಲ್ಲ.

ಹಂತ 10: ಏನಾದರೂ ತಪ್ಪಾದರೆ

ಮೇಜಿನ ಹತ್ತಿರ ಹೋದಾಗ "ನಿಮ್ಮ ಓಟು ಆಗಲೇ ಬಿದ್ದಿದೆ" ಅಂದರೆ ಸುಮ್ನೆ ಬರಬೇಡಿ. ನೀವೇ ಆ ಮತದಾರರು ಅಂತ ಅಧ್ಯಕ್ಷಾಧಿಕಾರಿಗೆ ಮನವರಿಕೆ ಆದರೆ ನಿಮಗೆ ಕಾಗದದ ಮತಪತ್ರ ಕೊಡಬೇಕು. ಇದನ್ನು ಟೆಂಡರ್ಡ್ ಓಟು ಅನ್ನುತ್ತಾರೆ. ಅದು ಯಂತ್ರಕ್ಕೆ ಹೋಗುವುದಿಲ್ಲ, ಬೇರೆ ಲಕೋಟೆಯಲ್ಲಿ ಮೊಹರು ಆಗುತ್ತದೆ.

ನಿಮ್ಮ ಹೆಸರು ಎಎಸ್‌ಡಿ ಪಟ್ಟಿಯಲ್ಲಿದೆ ಅಂದರೂ ಗಾಬರಿ ಬೇಡ. ಊರಲ್ಲಿ ಇಲ್ಲದವರು, ಬೇರೆ ಕಡೆ ಹೋದವರು, ತೀರಿಕೊಂಡವರು ಅಂತ ಗುರುತು ಮಾಡಿದ ಪಟ್ಟಿ ಅದು. ಬೆಂಗಳೂರಿಗೆ ಕೆಲಸಕ್ಕೆ ಹೋದವರ ಹೆಸರು ಎಷ್ಟೋ ಸಲ ಅದರಲ್ಲಿ ಸೇರಿರುತ್ತದೆ. ದಾಖಲೆ ಹೆಚ್ಚು ಎಚ್ಚರದಿಂದ ನೋಡಿ, ಸಹಿ ಜೊತೆ ಹೆಬ್ಬೆಟ್ಟೂ ತೆಗೆದುಕೊಂಡು ಬಿಡುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಬೇಗ ಹೋಗಿ.

ಗಲಾಟೆ, ಮಳೆ, ಯಂತ್ರದ ತೊಂದರೆಯಿಂದ ಮತದಾನ ನಿಂತೇ ಹೋದರೆ ಎರಡು ಸಂಗತಿ ಆಗಬಹುದು. ಮುಂದೂಡಿದರೆ, ಇನ್ನೂ ಹಾಕದವರು ಮಾತ್ರ ಇನ್ನೊಂದು ದಿನ ಬಂದು ಹಾಕುತ್ತಾರೆ. ಮರು ಮತದಾನ ಅಂತ ಆಯೋಗ ಹೇಳಿದರೆ ಮೊದಲಿನ ಓಟು ಲೆಕ್ಕಕ್ಕಿಲ್ಲ, ಹಾಕಿದವರೂ ಮತ್ತೆ ಹೋಗಬೇಕು. ತೋರುಬೆರಳಲ್ಲಿ ಹಳೇ ಶಾಯಿ ಇದೆಯಲ್ಲ, ಬಿಡ್ತಾರಾ ಅಂತ ಕೇಳುತ್ತಾರೆ. ಬಿಡುತ್ತಾರೆ. ಮರು ಮತದಾನದಲ್ಲಿ ಎಡಗೈ ಮಧ್ಯದ ಬೆರಳಿಗೆ ಶಾಯಿ ಹಾಕುತ್ತಾರೆ. ಆ ದಿನದ ಸಮಯ ಹೊಸದಾಗಿ ಪ್ರಕಟ ಆಗುತ್ತದೆ, ಅದನ್ನು ನೋಡಿಕೊಂಡು ಹೊರಡಿ.